ನನ್ನ ಹೆಂಡತಿಗೆ ನಾನು ಕೊಟ್ಟ ಅಂಕಗಳು

ನಮ್ಮ ಮನೆಯ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಕೊಂಡಿದೆ. ಮೊಸರು ತೆಗೆಯಲು ಹೋದಾಗಲೆಲ್ಲ ಅದು ನೇರ ನನ್ನ ಮುಖಕ್ಕೇ ಬರುತ್ತದೆ. ಪರ್ತ್ ನಗರದ, ಮೂವತ್ತೈದು ದಾಟಿದ ಹೆಂಗಸರ ಬೇಸ್‌ಬಾಲ್ ತಂಡದ ಪಟ್ಟಿ ಅದು. ಇಲ್ಲಿಯವರು ರೋಸ್ಟರ್ ಎನ್ನುತ್ತಾರೆ. ಹದಿಮೂರು ಹೆಸರುಗಳಿವೆ, ಕೆಳಗೆ ಎರಡು ಖಾಲಿ ಗೆರೆಗಳಿವೆ. ಅಂಟಿಸಿದವಳು ನನ್ನ ಹೆಂಡತಿ ಶೈಲಜಾ. ಅದರಲ್ಲಿ ಅವಳ ಹೆಸರಿಲ್ಲ. ಇಲ್ಲದಿರುವುದಕ್ಕೆ ಕಾರಣ ನಾನು. ಕಿತ್ತು ಬಿಸಾಡೋಣವೆಂದರೆ, "ಇರ್ಲಿ ಬಿಡಿ, ನೋಡ್ತಾ ಇರಿ" ಎಂದು ಅಪ್ಪಣೆಯಾಗಿದೆ.

ನೀವು ನನ್ನನ್ನು ದುಷ್ಟನೆಂದುಕೊಳ್ಳಬೇಡಿ. ನನಗಿರುವುದು ಒಂದು ಹಳೆಯ ಕಾಯಿಲೆ, ನಿಮ್ಮ ಮನೆಯಲ್ಲೂ ಯಾರಿಗಾದರೂ ಇದ್ದೀತು. ನಮ್ಮವರನ್ನು ನಾವೇ ಹೊಗಳಬಾರದು ಎನ್ನುವ ಕಾಯಿಲೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯಿದೆಯಲ್ಲ, ಮೈಸೂರಿನ ಸರಸ್ವತೀಪುರದ ನಮ್ಮ ಮನೆಯಲ್ಲಿ ಅದು ತಿರುಗಾಮುರುಗಾ ಆಗಿತ್ತು. ಮುದ್ದಾಗಿದ್ದುದನ್ನೂ ಹೆಗ್ಗಣ ಎನ್ನುತ್ತಿದ್ದರು.

ಐದನೇ ಕ್ಲಾಸಿನಲ್ಲಿ ನನಗೆ ದುಂಡು ಅಕ್ಷರಕ್ಕೆ ಮೊದಲ ಬಹುಮಾನ ಬಂದಿತ್ತು. ಎದುರು ಮನೆಯ ಲಲಿತಮ್ಮನವರು ಬಂದು "ನಿಮ್ಮ ಹುಡುಗನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಕಣ್ರೀ" ಎಂದರು. ನಮ್ಮಮ್ಮ ತಟ್ಟನೆ, "ಎಲ್ಲಿ ಬಂತು, ಕಾಗೆಕಾಲು ಗುಬ್ಬಿಕಾಲು! ಟೀಚರಿಗೆ ಕನ್ನಡಕ ಬದಲಾಯಿಸೋ ಕಾಲ ಬಂದಿದೆ ಅಷ್ಟೇ" ಎಂದುಬಿಟ್ಟರು. ನನಗೆ ಅಳು ಬಂತು. ಲಲಿತಮ್ಮ ಗೇಟು ದಾಟಿದ್ದೇ ತಡ, ಅಮ್ಮ ಉಪ್ಪು ಮೆಣಸಿನಕಾಯಿ ಹಿಡಿದುಕೊಂಡು ಬಂದು ನನಗೆ ದೃಷ್ಟಿ ತೆಗೆದರು. ಸರ್ಟಿಫಿಕೇಟು ಬೀರುವಿನೊಳಗೆ ಅವರ ಧಾರೆ ಸೀರೆಯ ಮಡಿಕೆಗೆ ಹೋಯಿತು. ಹೊರಗೆ ಬೈಯುವುದು, ಒಳಗೆ ದೃಷ್ಟಿ ತೆಗೆಯುವುದು. ಪ್ರೀತಿಯೆಂದರೆ ಇದೇ ಎಂದು ನಾನು ಕಲಿತೆ.

ನನ್ನ ಮದುವೆಯ ಮಾತುಕತೆಯೂ ಇದೇ ಭಾಷೆಯಲ್ಲಿ ನಡೆಯಿತು. ನಮ್ಮಪ್ಪ, "ನಮ್ಮ ಹುಡುಗ ಏನೋ ಎಂಜಿನಿಯರಿಂಗ್ ಅಂತ ಮಾಡಿದಾನೆ, ವ್ಯವಹಾರ ಜ್ಞಾನ ಮಾತ್ರ ಸೊನ್ನೆ" ಎಂದರು. ಶೈಲಜಾಳ ತಂದೆ ಸೋಲುವ ಆಸಾಮಿಯಲ್ಲ. "ನಮ್ಮ ಹುಡುಗೀದೂ ಅಷ್ಟೇ ಸ್ವಾಮಿ. ಸದಾ ಥ್ರೋಬಾಲು ಥ್ರೋಬಾಲು ಅಂತ ಗ್ರೌಂಡಲ್ಲೇ ಬಿದ್ದಿರ್ತಿದ್ಲು. ಅಡುಗೆ ಅಷ್ಟಕ್ಕಷ್ಟೇ" ಎಂದರು. ಇಬ್ಬರೂ ಸಂತೋಷದಿಂದ ಕಾಫಿ ಕುಡಿದರು. ಮನೆಗೆ ಬಂದ ಮೇಲೆ ಅಪ್ಪ, "ಒಳ್ಳೇ ಜನ, ಜಂಬ ಇಲ್ಲ" ಎಂದರು. ಆ ಕಡೆಯೂ ಅದೇ ಮಾತು ನಡೆದಿತ್ತಂತೆ. ಹೇಳಿದ್ದನ್ನು ಎಷ್ಟು ಪಟ್ಟು ಹೆಚ್ಚಿಸಿ ತಿಳಿಯಬೇಕೆನ್ನುವುದು ಎರಡೂ ಕಡೆಯವರಿಗೆ ಗೊತ್ತಿತ್ತು.

ಥ್ರೋಬಾಲ್ ಎಂದಾಗ ನನಗೆ ಆ ದಿನ ಏನೂ ಅನ್ನಿಸಿರಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳ ಶಾಲೆಗಳಲ್ಲಿ ನೆಟ್ಟು ಕಟ್ಟಿ, ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ಆಡುತ್ತಿದ್ದ ಆಟ. ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಮೂರು ಎಣಿಸುವುದರೊಳಗೆ ಒಂದೇ ಕೈಯಲ್ಲಿ, ಭುಜದ ಮೇಲಿನಿಂದ ವಾಪಸು ಎಸೆಯಬೇಕು. ನಾವು ಹುಡುಗರು ಕಾಂಪೌಂಡಿನ ಮೇಲೆ ಕೂತು ನಗುತ್ತಿದ್ದೆವು. ನಮ್ಮದೋ, ಕ್ರಿಕೆಟ್ಟು! ನಾನಂತೂ ಮಹಾ ಆಟಗಾರ; ಹನ್ನೊಂದು ಜನ ಸೇರದಿದ್ದಾಗ ಮಾತ್ರ ನನ್ನನ್ನು ಕರೆಯುತ್ತಿದ್ದರು, ಉಳಿದ ದಿನ ಸ್ಕೋರು ಬರೆಯಲು ಕೂರಿಸುತ್ತಿದ್ದರು. ಅಕ್ಷರ ಚೆನ್ನಾಗಿತ್ತಲ್ಲ.

ಆ ವಿದ್ಯೆ ಪರ್ತ್‌ನಲ್ಲಿ ಉಪಯೋಗಕ್ಕೆ ಬಂತು. ಮಗಳು ಅನಘಾ ಮನೆ ಹತ್ತಿರದ ಬೇಸ್‌ಬಾಲ್ ಕ್ಲಬ್ ಸೇರಿದಳು. ಶನಿವಾರದ ಮಧ್ಯಾಹ್ನ, ಇಲ್ಲಿಯವರ ಬಾಯಲ್ಲಿ 'ಆರ್ವೋ', ನಾವಿಬ್ಬರೂ ಮಡಿಸುವ ಕುರ್ಚಿ, ಟೀ ಫ್ಲಾಸ್ಕು, ಖಾರದ ಅವಲಕ್ಕಿ ಹಿಡಿದುಕೊಂಡು ಗ್ರೌಂಡಿನಲ್ಲಿ ಕೂರುತ್ತಿದ್ದೆವು. ಸುಮ್ಮನೆ ಕೂರಲಾಗದೆ ನಾನು ಸ್ಕೋರು ಬರೆಯಲು ಶುರುಮಾಡಿದೆ. ಕೆಲವೇ ವಾರದಲ್ಲಿ ಕ್ಲಬ್ಬಿನ ಅಧಿಕೃತ ಸ್ಕೋರರ್ ಆದೆ. ಇಡೀ ಜೀವನದಲ್ಲಿ ನನಗೆ ಸಿಕ್ಕ ಒಂದೇ ಒಂದು ಕ್ರೀಡಾ ಪದವಿ.

ಒಂದು ದಿನ ದೊಡ್ಡವರ ಆಟದಿಂದ ಚೆಂಡೊಂದು ದಿಕ್ಕು ತಪ್ಪಿ ನಮ್ಮ ಕಡೆ ಹಾರಿ ಬಂತು. ನಾನು ಸ್ಕೋರ್ ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು ಬಗ್ಗಿದೆ. ಶೈಲಜಾ ಟೀ ಲೋಟ ಕೆಳಗಿಟ್ಟಳು, ಎದ್ದಳು, ಗ್ಲೌಸೂ ಇಲ್ಲದ ಬರೀ ಎರಡು ಕೈಯಲ್ಲಿ ಚೆಂಡು ಹಿಡಿದಳು, ಒಂದೇ ಕೈಯಲ್ಲಿ ಭುಜದ ಮೇಲಿಂದ ವಾಪಸು ಎಸೆದಳು. ಅದು ಗ್ರೌಂಡಿನ ಆ ತುದಿಯಲ್ಲಿದ್ದವಳ ಎದೆಮಟ್ಟಕ್ಕೆ ಹೋಗಿ ಸೇರಿತು. ಶೈಲಜಾ ಮತ್ತೆ ಕೂತು ಟೀ ಕುಡಿದಳು.

ಕೋಚ್ ಡೆಬ್ ಓಡಿ ಬಂದರು. ಅರವತ್ತು ದಾಟಿದ ರಿಟೈರ್ಡ್ ಟೀಚರ್, ಮೈಕು ಬೇಡದ ಗಂಟಲು. "ಈ ಕೈ ಎಲ್ಲಿಂದ ತಂದೆ, ಲವ್?" ಎಂದು ಕೇಳಿದರು.

"ಥ್ರೋಬಾಲ್" ಎಂದಳು ಇವಳು, ಎಲ್ಲರಿಗೂ ಗೊತ್ತಿರುವ ಆಟವೆನ್ನುವ ಹಾಗೆ.

ಡೆಬ್‌ಗೆ ಒಬ್ಬ ಕ್ಯಾಚರ್ ಬೇಕಾಗಿತ್ತು. ಬ್ಯಾಟು ಹಿಡಿದವರ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವಳು. ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ. ಎದುರು ತಂಡದವಳು ಕಳ್ಳತನದಲ್ಲಿ, ಓಟಗಾರರು ನಿಂತು ಕಾಯುವ ಒಂದನೇ ಬೇಸ್‌ನಿಂದ ಎರಡನೆಯದಕ್ಕೆ ಓಡಿದರೆ, ಹಿಡಿದ ಚೆಂಡನ್ನು ಕಣ್ಣು ಮಿಟುಕಿಸುವುದರೊಳಗೆ ಅಲ್ಲಿಗೆ ಎಸೆಯಬೇಕು. ಅವಳಿಗಿಂತ ಮೊದಲು ಚೆಂಡು ಸೇರಿದರೆ, ಅಲ್ಲಿದ್ದವರು ಅದನ್ನು ಮುಟ್ಟಿಸಿ ಅವಳನ್ನು ಔಟ್ ಮಾಡುತ್ತಾರೆ. ಥ್ರೋಬಾಲೇ ಅಲ್ಲವೇ! ಇನ್ನು ಕುಕ್ಕರಗಾಲು. ಕ್ಲಬ್ಬಿನ ನಡುವಯಸ್ಸಿನ ಹೆಂಗಸರೆಲ್ಲ ಎರಡು ನಿಮಿಷ ಕೂತು "ಓ ಮೈ ನೀಸ್" ಎಂದು ಮಂಡಿ ಹಿಡಿದುಕೊಂಡು ಏಳುತ್ತಿದ್ದರು. ಪರ್ತ್‌ನ ಬಾಡಿಗೆ ಮನೆಗಳ ಸಿಮೆಂಟಿನ ಮೇಲೂ ದಿನಾ ಕೂತು ರಂಗೋಲಿ ಹಾಕಿದವಳು ನನ್ನ ಹೆಂಡತಿ. ಅವಳು ಆ ಭಂಗಿಯಲ್ಲೇ ಕೂತು, ಮುಖ ಕಾಯುವ ಕಂಬಿಯ ಮಾಸ್ಕಿನೊಳಗಿಂದ ಅನಘಾಗೆ "ಊಟ ಮಾಡಿದ್ಯಾ?" ಎಂದು ಕೇಳುತ್ತಿದ್ದಳು.

ಹೀಗೆ ನಲವತ್ತೆರಡನೆಯ ವಯಸ್ಸಿನಲ್ಲಿ ಅವಳು ಆಟಗಾರ್ತಿಯಾದಳು. ವೃದ್ಧಾಶ್ರಮದ ಕೆಲಸ ಮುಗಿಸಿ ಸೀದಾ ಗ್ರೌಂಡಿಗೆ ಹೋಗುತ್ತಿದ್ದಳು. ದಪ್ಪ ಗ್ಲೌಸಿಗೆ ಕೊಬ್ಬರಿ ಎಣ್ಣೆ ತಿಕ್ಕಿ ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದಳು. ನಾನು ಸ್ಕೋರ್ ಟೇಬಲ್ಲಿನಲ್ಲಿ ಕೂತು ನೋಡುತ್ತಿದ್ದೆ. ಪಕ್ಕದವರು ಯಾರಾದರೂ "ನಿನ್ನ ಹೆಂಡತಿ ಅದ್ಭುತ" ಎಂದರೆ, "ಓ, ಏನೋ ಟ್ರೈ ಮಾಡ್ತಾಳೆ" ಎನ್ನುತ್ತಿದ್ದೆ. ಒಳಗೆ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವಂತಾಗುತ್ತಿತ್ತು.

ಈಗ ಆ ಪಟ್ಟಿಯ ವಿಷಯ. ಬೇಸಿಗೆಯಲ್ಲಿ ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ನಗರಗಳ ತಂಡಗಳು ಅಡಿಲೇಡಿನಲ್ಲಿ ಸೇರಿ ಆಡುತ್ತವೆ. ಎಲ್ಲರೂ ಹವ್ಯಾಸಿಗಳೇ, ನರ್ಸು, ಬಸ್ ಡ್ರೈವರ್, ಮೊಮ್ಮಕ್ಕಳಿರುವ ಅಜ್ಜಿ. ಆದರೆ ಗತ್ತು ಮಾತ್ರ ದೊಡ್ಡ ತಂಡಗಳದ್ದು. ಕ್ಲಬ್ಬುಗಳಿಂದ ಬಂದ ವರದಿಗಳನ್ನು ನೋಡಿ ಪ್ರತಿ ನಗರದ ಆಯ್ಕೆ ಸಮಿತಿ ಹದಿಮೂರು ಜನರನ್ನು ಆರಿಸುತ್ತದೆ. ಉಳಿದವರ ಹೆಸರನ್ನೆಲ್ಲ ಒಟ್ಟುಗೂಡಿಸಿ, ಮೂರು ತಂಡಗಳೂ ಸರದಿಯಂತೆ ಎರಡೆರಡು ಜನರನ್ನು ಎತ್ತಿಕೊಳ್ಳುತ್ತವೆ. ಈ ಎತ್ತಿಕೊಳ್ಳುವುದಕ್ಕೆ ಡ್ರಾಫ್ಟ್ ಎಂದು ಹೆಸರು. ಯಾವ ಊರಿನವಳನ್ನು ಯಾವ ಊರು ಬೇಕಾದರೂ ಎತ್ತಬಹುದು.

ನಮ್ಮ ಕ್ಲಬ್ಬಿನ ವರದಿ ಬರೆಯಬೇಕಾದವರು ಡೆಬ್. ಆದರೆ ಅದೇ ವಾರ ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟವೊಂದರಲ್ಲಿ ಅವರ ಮಗಳ ಮದುವೆ. "ಎಲ್ಲ ಆಟ ನೋಡಿದವನು ನೀನು, ನೀನೇ ಬರೆದು ಕಳಿಸು, ಮೇಟ್" ಎಂದುಬಿಟ್ಟರು. ಕೈ, ಓಟ, ಬ್ಯಾಟು, ಬುದ್ಧಿ, ಶಿಸ್ತು ಎಂದು ಐದು ವಿಷಯ, ಒಂದೊಂದಕ್ಕೂ ಐದು ಅಂಕ. ನಾನು ಧಾರಾಳವಾಗಿ ಬರೆದೆ. ಚೆಂಡು ಎಸೆಯುವ ಜೋ ಎಂಬಾಕೆಗೆ ಎಲ್ಲದಕ್ಕೂ ಐದು. ಓಡಲೇ ಬಾರದ ಒಬ್ಬರಿಗೆ ಓಟಕ್ಕೆ ನಾಲ್ಕು, ಪಾಪ, ಮನೆಗೆ ಬಂದರೆ ಕೇಕು ತರುತ್ತಾರೆ. ಆಮೇಲೆ ಶೈಲಜಾಳ ಹೆಸರು ಬಂತು.

ಸ್ವಂತ ಹೆಂಡತಿಗೆ ಐದು ಹಾಕುವುದೇ? ನೋಡಿದವರು ಏನಂದಾರು? ಮೂರು, ಮೂರು, ಎರಡು, ಮೂರು, ಮೂರು ಎಂದು ಬರೆದೆ. ಕೊನೆಯಲ್ಲಿ ಷರಾ: "ಇನ್ನೂ ಕಲಿಯುತ್ತಿದ್ದಾರೆ. ಬೇರೆಯವರಿಗೆ ಮೊದಲು ಅವಕಾಶ ಕೊಡಿ." ಕಳಿಸಿದ ಮೇಲೆ ಮನಸ್ಸು ಎಷ್ಟು ಹಗುರವಾಯಿತೆಂದರೆ, ಎದ್ದು ಎರಡು ಲೋಟ ಕಾಫಿ ಮಾಡಿ, ಒಂದನ್ನು ಅವಳಿಗೇ ಕೊಟ್ಟೆ.

ಪಟ್ಟಿ ಬಂದ ದಿನ ಅವಳು ಅದನ್ನು ಎರಡು ಸಲ ಓದಿದಳು. ಮೂರನೆಯ ಸಲ ಬೆರಳಿಟ್ಟು ಓದಿದಳು. "ಹೋಗ್ಲಿ ಬಿಡಿ, ಇನ್ನೂ ಚೆನ್ನಾಗಿ ಆಡೋರು ಇರ್ತಾರೆ" ಎಂದು ಕುಕ್ಕರ್ ಇಡಲು ಹೋದಳು. ನಾನು ಕಳ್ಳನ ಹಾಗೆ ಪೇಪರು ಹಿಡಿದುಕೊಂಡೆ. ಅಷ್ಟರಲ್ಲಿ ಡೆಬ್ ಫೋನು ಬಂತು. ಅವರ ಗಂಟಲಿಗೆ ಸ್ಪೀಕರ್ ಹಾಕುವ ಅಗತ್ಯವೇ ಇಲ್ಲ.

"ಕೈಗೆ ಮೂರು? ಶೈಲಾ ಕೈಗೆ ಮೂರಾ? ನಿನಗೆ ತಲೆ ಕೆಟ್ಟಿದೆಯಾ, ಮೇಟ್? ಸಮಿತಿಯವರು ಅವಳನ್ನ ನೋಡೇ ಇಲ್ಲ, ನಿನ್ನ ಅಂಕ ನೋಡಿ ಬಿಟ್ಟುಬಿಟ್ಟಿದ್ದಾರೆ!"

ಅಡುಗೆಮನೆಯಲ್ಲಿ ಸದ್ದು ನಿಂತಿತು. ಶೈಲಜಾ ಬಂದು ಎದುರು ನಿಂತಳು. ಕೂಗಾಡಿದ್ದರೆ ಚೆನ್ನಾಗಿತ್ತು.

"ನೀವಾ ಬರ್ದಿದ್ದು?"

"ಅಲ್ಲ ಕಣೇ, ನಮ್ಮವರನ್ನ ನಾವೇ..."

"ಇಪ್ಪತ್ತು ವರ್ಷದಿಂದ ಸಾರಿಗೆ ಉಪ್ಪು ಕಮ್ಮಿ ಅಂತ ಹೇಳ್ಕೊಂಡು ಮೂರು ಸಲ ಹಾಕಿಸ್ಕೊಂಡು ತಿಂತೀರ. ಅದು ನಂಗೆ ಅರ್ಥ ಆಗುತ್ತೆ ಅಂದ್ಕೊಂಡಿದೀರ. ಅವ್ರಿಗೆ ಹೇಗ್ರೀ ಅರ್ಥ ಆಗ್ಬೇಕು?" ಎಂದಳು. ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ನಿಜ ಹೇಳ್ಲಾ? ನಂಗೂ ಅರ್ಥ ಆಗೋದು ನಿಂತು ಬಹಳ ದಿನ ಆಯ್ತು" ಎಂದಳು.

ನಾನು ಮನಸ್ಸಿನಲ್ಲೇ ಅವಳಿಗೆ ಎಷ್ಟು ಸಲ ದೃಷ್ಟಿ ತೆಗೆದಿದ್ದೆನೋ, ಒಂದೂ ಅವಳಿಗೆ ತಲುಪಿರಲಿಲ್ಲ. ಆ ಸಂಜೆ ಅವಳು ಗ್ಲೌಸಿಗೆ ಎಣ್ಣೆ ಹಚ್ಚಲಿಲ್ಲ. ಅದನ್ನು ನನಗೆ ತಡೆಯಲಾಗಲಿಲ್ಲ.

ಉಳಿದಿದ್ದುದು ಡ್ರಾಫ್ಟ್ ಒಂದೇ. ಅಲ್ಲೂ ಸಿಗದಿದ್ದರೆ ಆ ವರ್ಷ ಅವಳಿಗೆ ಆಟವಿಲ್ಲ. "ಮುಂದಿನ ವರ್ಷ ಯಾರು ಕಂಡೋರು, ಸಾಕು, ಬಿಟ್ಬಿಡ್ತೀನಿ" ಎಂದು ಅನಘಾ ಹತ್ತಿರ ಹೇಳಿದ್ದಳಂತೆ. ಡ್ರಾಫ್ಟಿನಲ್ಲಿ ಪ್ರತಿ ಹೆಸರು ಬಂದಾಗಲೂ ಆಕೆಯ ಕ್ಲಬ್ಬಿನವರೊಬ್ಬರು ಒಂದೆರಡು ನಿಮಿಷ ಮಾತಾಡಬಹುದು. ನಾನು ಡೆಬ್ ಕಾಲಿಗೆ ಬೀಳುವುದೊಂದು ಬಾಕಿ. "ನಾನು ಕೆಡಿಸಿದ್ದು, ನಾನೇ ಸರಿಮಾಡುತ್ತೇನೆ, ಮಾತಾಡಲು ಬಿಡಿ" ಎಂದೆ. ಅವರು ನನ್ನತ್ತ ಬೆರಳು ತೋರಿಸಿ, "ಮತ್ತೆ ಮೂರು ಕೊಟ್ಟರೆ ಕೊಂದುಬಿಡ್ತೀನಿ" ಎಂದರು.

ನಾಲ್ಕು ದಿನ ಬಾತ್‌ರೂಮಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಹೊಗಳುವುದು ಎಷ್ಟು ಕಷ್ಟ ಎನ್ನುವುದು ಹೊಗಳದವರಿಗೇ ಗೊತ್ತು. "ಷಿ ಈಸ್ ಕ್ವೈಟ್ ಓಕೆ" ಎಂದ ಕೂಡಲೇ ಬಾಗಿಲಾಚೆಯಿಂದ ಅನಘಾ, "ಅಪ್ಪಾ! ನಾಟ್ ಓಕೆ! ಸೇ ಗ್ರೇಟ್!" ಎಂದು ಕೂಗುತ್ತಿದ್ದಳು. 'ಗ್ರೇಟ್' ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ಮೀನು ತಿಂದವನಲ್ಲ, ಆದರೂ ಊಹೆ.

ಭಾನುವಾರ ಮಧ್ಯಾಹ್ನ ಕ್ಲಬ್ಬಿನ ಹಾಲಿನಲ್ಲಿ ಎಲ್ಲರೂ ಸೇರಿದರು. ಹೊರಗೆ, ಇಲ್ಲಿಯವರು ಬಾರ್ಬೀ ಎನ್ನುವ ಬಾರ್ಬೆಕ್ಯೂ ಒಲೆಯಲ್ಲಿ ಈರುಳ್ಳಿ ಬೇಯುತ್ತಿತ್ತು. ಗೋಡೆಯ ಪರದೆಯಲ್ಲಿ ಒಂದು ಕಡೆ ಅಡಿಲೇಡಿನವರು, ಇನ್ನೊಂದು ಕಡೆ ಬ್ರಿಸ್ಬೇನಿನವರು. ನಮ್ಮ ಹಾಲಿನ ಮುಂದಿನ ಸಾಲಿನಲ್ಲಿ ಪರ್ತ್ ಸಮಿತಿ. ಶೈಲಜಾ ಕೊನೆಯ ಸಾಲಿನಲ್ಲಿ ಕಾಗದದ ತಟ್ಟೆ ಹಿಡಿದು, ತಲೆ ತಗ್ಗಿಸಿ ಕೂತಿದ್ದಳು. ಅವಳ ಹೆಸರು ಕರೆದರು. ನಾನು ಎದ್ದೆ.

"ಷಿ ಈಸ್ ಆಲ್ಸೋ ಪ್ಲೇಯಿಂಗ್, ಸಮ್‌ಹೌ" ಎಂದು ಬಾಯಿಗೆ ಬಂತು. ಹಿಂದಿನಿಂದ ಅನಘಾ ನನ್ನ ಕುರ್ಚಿಗೆ ಒದ್ದಳು. ನಾನು ಬರೆದುಕೊಂಡು ಬಂದಿದ್ದ ಚೀಟಿಯನ್ನು ಜೇಬಿಗೆ ಹಾಕಿದೆ. ಆ ವರದಿ ತಪ್ಪು, ಬರೆದವನು ನಾನು, ಈಕೆ ನನ್ನ ಹೆಂಡತಿ, ಹೆಂಡತಿಯನ್ನು ಹೊಗಳಲು ನಾಚಿಕೆಯಾಗಿ ಕಡಿಮೆ ಅಂಕ ಕೊಟ್ಟೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅಲ್ಲಿಯವರೆಗೆ ಸರಿಯಾಗಿತ್ತು. ಆಮೇಲೆ ಏನಾಯಿತೋ, ಕಟ್ಟೆ ಒಡೆದಂತಾಗಿ ಕನ್ನಡಕ್ಕೆ ಬಂದುಬಿಟ್ಟೆ.

"ಇವಳ ಥರ ಆಡೋರು ಯಾರಿದಾರ್ರೀ ಇಲ್ಲಿ? ಬೆರಳು ಊದ್ಕೊಂಡಿದ್ರೂ ಒಂದಿನ ಪ್ರಾಕ್ಟೀಸ್ ತಪ್ಪಿಸಿಲ್ಲ. ಅಜ್ಜ ಅಜ್ಜಿಯರನ್ನ ಎತ್ತಿ ಮಲಗಿಸಿ, ಸೊಂಟ ನೋವು ಇಟ್ಕೊಂಡು ಬಂದು ಕುಕ್ಕರಗಾಲಲ್ಲಿ ಕೂರ್ತಾಳೆ. ಇವಳು ಕೂತಿದ್ರೆ ಎರಡನೇ ಬೇಸ್‌ಗೆ ಓಡೋಕೆ ಒಬ್ರಿಗೂ ಧೈರ್ಯ ಬರಲ್ಲ. ಐದಕ್ಕೆ ಐದು ಕೊಟ್ರೂ ಕಮ್ಮೀನೇ! ನಾನು ದಡ್ಡ, ಹೇಳ್ಲಿಲ್ಲ. ಇಪ್ಪತ್ತು ವರ್ಷ ಹೇಳ್ಲಿಲ್ಲ. ನಂಗೆ ಇವಳು ಅಂದ್ರೆ ಎಷ್ಟು ಹೆಮ್ಮೆ ಗೊತ್ತಾ? ಸಾರಿಗೆ ಉಪ್ಪು ಕಮ್ಮಿ ಅಂದಿದ್ದೆಲ್ಲ ಸುಳ್ಳು!"

ಮೂರು ನಗರಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು. ನನಗೆ ಆಗ ಎಚ್ಚರವಾಯಿತು. ಅನಘಾ ಎದ್ದು ನಿಂತಳು. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ಇವಳು. ನನ್ನ ಕನ್ನಡ ಇವಳ ಕಿವಿಗೆ ಹೋಗುತ್ತದೋ ಇಲ್ಲವೋ ಎಂದು ನಾನು ಕೊರಗುತ್ತಿದ್ದೆ. ನಾನು ಹೇಳಿದ್ದನ್ನೆಲ್ಲ ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಉಪ್ಪಿನ ವಿಷಯವನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಹಿಂದಿನ ಸಾಲಿನಿಂದ ಶೈಲಜಾ, "ರೀ, ಸಾಕು, ಕೂತ್ಕೊಳ್ರೀ" ಎಂದಳು. ತಿರುಗಿ ನೋಡಿದೆ. ಕಣ್ಣು ತುಂಬಿತ್ತು, ಆದರೆ ತಲೆ ಎತ್ತಿ ಕೂತಿದ್ದಳು.

ಮೊದಲ ಸರದಿ ಅಡಿಲೇಡಿನದು. ತಮ್ಮದೇ ಊರಿನ ಒಬ್ಬಳನ್ನು ಎತ್ತಿಕೊಂಡರು. ಎರಡನೆಯದು ಬ್ರಿಸ್ಬೇನಿನದು. ಅವರ ಮ್ಯಾನೇಜರ್ ಟ್ರಿಶ್, ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಲೈಬ್ರರಿಯನ್ ಅಂತೆ, ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಉಪ್ಪು ಸರಿಯಾಗಿ ಹಾಕುವ ಆ ಕ್ಯಾಚರ್ ನಮಗೆ ಬೇಕು." ಮೂರನೆಯ ಸರದಿಗೆ ಕಾದು ಕೂತಿದ್ದ ಪರ್ತ್ ಸಮಿತಿಯ ಅಧ್ಯಕ್ಷೆ ಪೆನ್ನು ಕೆಳಗೆ ಹಾಕಿದರು. ಡೆಬ್ ನನ್ನ ಬೆನ್ನಿಗೆ ಗುದ್ದಿದ ಗುದ್ದು ಎರಡು ದಿನ ಇತ್ತು. ಸಂತೋಷಕ್ಕೋ ಸಿಟ್ಟಿಗೋ ನಾನು ಕೇಳಲಿಲ್ಲ.

ಆಟಕ್ಕೆ ಮುಂಚೆ ಒಂದು ವಾರ ಬ್ರಿಸ್ಬೇನಿನಲ್ಲಿ ಅಭ್ಯಾಸ. ನಾರ್ತ್ ಲೇಕ್ಸ್‌ನಲ್ಲಿರುವ ಹಾಸನದ ಗೆಳೆಯರ ಮನೆಯಲ್ಲಿ ಉಳಿದುಕೊಂಡಳು. ಮದುವೆಯಾದಾಗಿನಿಂದ ಆಟಕ್ಕೆಂದು ಅವಳು ಒಬ್ಬಳೇ ಊರು ಬಿಟ್ಟದ್ದು ಅದೇ ಮೊದಲು. ದಿನಾ ಫೋನು ಮಾಡಿ, ಅಕ್ಕಿ ಎಲ್ಲಿದೆ ಎಂದು ನಾನು ಕೇಳುವ ಮೊದಲೇ ಅವತ್ತು ಎಷ್ಟು ಚೆಂಡು ಹಿಡಿದೆ ಎಂದು ಹೇಳುತ್ತಿದ್ದಳು. ನಾನು "ಭೇಷ್" ಎನ್ನುತ್ತಿದ್ದೆ. ಮೊದಲೆರಡು ದಿನ ಆ ಮಾತು ಕೃತಕವಾಗಿತ್ತು, ಆಮೇಲೆ ನಾಲಿಗೆ ಪಳಗಿತು.

ಪರ್ತ್ ತಂಡಕ್ಕೆ ಸ್ಕೋರರ್ ಬೇಕಿತ್ತು, ನನ್ನನ್ನೇ ಅಡಿಲೇಡಿಗೆ ಕರೆದುಕೊಂಡು ಹೋದರು. ಇದಕ್ಕಿಂತ ಪೇಚಾಟ ಉಂಟೇ? ಪರ್ತ್‌ನವರ ಟೋಪಿ ಹಾಕಿಕೊಂಡು, ಪರ್ತ್‌ನವರ ನೀರು ಕುಡಿದುಕೊಂಡು ನಾನು ಕೂತಿದ್ದೇನೆ. ಎದುರು ತಂಡದಲ್ಲಿ ನನ್ನ ಹೆಂಡತಿ. ಸುಡುಸುಡು ಬಿಸಿಲು. ಕೊನೆಯ ಹಂತದಲ್ಲಿ ಬ್ರಿಸ್ಬೇನ್ ಒಂದು ಓಟ ಮುಂದಿತ್ತು, ಪರ್ತ್‌ನ ಇನ್ನೊಬ್ಬರು ಔಟಾದರೆ ಆಟ ಮುಗಿಯುತ್ತಿತ್ತು. ಮೊದಲ ಬೇಸ್‌ನಲ್ಲಿ ನಮ್ಮ ಅತಿ ವೇಗದ ಓಟಗಾರ್ತಿ. ಬ್ರಿಸ್ಬೇನಿನವಳ ಕೈಯಿಂದ ಚೆಂಡು ಹೊರಟದ್ದೇ ತಡ, ಅವಳು ಎರಡನೆಯದಕ್ಕೆ ಓಟ ಕಿತ್ತಳು.

ಶೈಲಜಾ ಎರಡೂ ಕೈಯಲ್ಲಿ ಹಿಡಿದಳು. ಎದ್ದಳೋ ಎಸೆದಳೋ ಯಾವುದು ಮೊದಲು ನನಗೆ ಕಾಣಲಿಲ್ಲ. ಚೆಂಡು ಎರಡನೇ ಬೇಸ್‌ಗೆ ಹೋಗಿ ಕಾಯುತ್ತಿತ್ತು, ಓಟಗಾರ್ತಿ ಆಮೇಲೆ ಬಂದಳು. ಅಂಪೈರ್ ಔಟ್ ಎಂದು ಮುಷ್ಟಿ ಎತ್ತಿದರು. ನಾನು ಪರ್ತ್‌ನವರ ಟೇಬಲ್ಲಿನಲ್ಲಿ ಕುರ್ಚಿಯ ಮೇಲೆ ಹತ್ತಿ ನಿಂತು, "ನನ್ನ ಹೆಂಡ್ತಿ! ಅವ್ಳು ನನ್ನ ಹೆಂಡ್ತಿ ಕಣ್ರೋ!" ಎಂದು ಕಿರುಚುತ್ತಿದ್ದೆ. ಪಂದ್ಯ ನೋಡಲು ಬಂದಿದ್ದ ಡೆಬ್, "ಇಳಿಯೋ ಮಾರಾಯ, ನಾವು ಸೋತಿದ್ದೀವಿ" ಎನ್ನುವ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಏನೋ ಬೈದರು.

ಪರ್ತ್ ಸಮಿತಿಯ ಅಧ್ಯಕ್ಷೆ ಗ್ರೌಂಡು ದಾಟಿ ಶೈಲಜಾಳ ಹತ್ತಿರ ಹೋದರು. ಕೈ ಚಾಚಿ, "ನೀನು ನಿಜವಾಗ್ಲೂ ತುಂಬಾ ಚೆನ್ನಾಗಿ ಆಡ್ತೀಯ, ಅಲ್ವಾ?" ಎಂದರು. ಇನ್ನೇನು ಇಲ್ಲ ಎಂದುಬಿಡುತ್ತಾಳೆ ಎಂದುಕೊಂಡೆ. ಸೀರೆ ಚೆನ್ನಾಗಿದೆ ಎಂದರೆ "ಅಯ್ಯೋ, ಹಳೇದು" ಎನ್ನುವವಳು, ಮನೆ ಚೆನ್ನಾಗಿದೆ ಎಂದರೆ "ಧೂಳು, ನೋಡ್ಬೇಡಿ" ಎನ್ನುವವಳು ಇವಳು. ನಮ್ಮಿಬ್ಬರದೂ ಒಂದೇ ಊರು, ಒಂದೇ ಕಾಯಿಲೆ.

ಶೈಲಜಾ ಮಾಸ್ಕು ತೆಗೆದಳು. ತೋಳಿನಿಂದ ಬೆವರು ಒರೆಸಿಕೊಂಡಳು. ಅವರ ಕೈ ಹಿಡಿದು ಕುಲುಕಿದಳು.

"ಹೌದು," ಎಂದಳು ನಿಧಾನವಾಗಿ, ಇಂಗ್ಲಿಷಿನಲ್ಲಿ. "ತುಂಬಾ ಚೆನ್ನಾಗಿ ಆಡ್ತೀನಿ."